ಹಸಿವು ನೀಗಿಸಲು ಹೊರಟವನನ್ನು ಹಸಿವಿನಿಂದಲೇ ಕೊಂದ ದೇಶ

ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದವರು ಸೇಂಟ್ ಐಸಾಕ್ ಕೆಥೆಡ್ರಲ್ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳದೆ ಬರುವುದು ಕಡಿಮೆ. ಅದೇ ಚೌಕದಲ್ಲಿ, ಕುದುರೆ ಏರಿದ ದೊರೆ ಮೊದಲನೇ ನಿಕೊಲಾಯ್‌ನ ಪ್ರತಿಮೆಯ ಎಡಬಲಕ್ಕೆ ಒಂದನ್ನೊಂದು ಹೋಲುವ ಎರಡು ಹಳೇ ಕಟ್ಟಡಗಳಿವೆ. ಜಗತ್ತಿನ ಅತ್ಯಂತ ಹಳೆಯ ಬೀಜ ಸಂಗ್ರಹಗಳಲ್ಲಿ ಒಂದು ಇಲ್ಲಿನ ಸಂಸ್ಥೆಯದು. ಅದನ್ನು ಕಟ್ಟಿದ ನಿಕೊಲಾಯ್ ವಾವಿಲೊವ್ 1943ರಲ್ಲಿ ಸೋವಿಯತ್ ಜೈಲೊಂದರಲ್ಲಿ ಹೊಟ್ಟೆಗಿಲ್ಲದೆ ಸತ್ತ. ರಷ್ಯಾದ ಇತಿಹಾಸ ತಿಳಿಯುವ ಕುತೂಹಲದಿಂದ ಹೋಗುವವರು ಅರಮನೆಗಳ ಜೊತೆಗೆ ಈತನ ಜಾಡನ್ನೂ ಹಿಡಿಯಬೇಕು ಅನ್ನುವುದು ನನ್ನ ಸಲಹೆ.

ವಾವಿಲೊವ್ ಹುಟ್ಟಿದ್ದು 1887ರಲ್ಲಿ, ಮಾಸ್ಕೋದಲ್ಲಿ. ರೈತಾಪಿ ಕುಟುಂಬದಲ್ಲಿ ಹುಟ್ಟಿದ ತಂದೆ ಜವಳಿ ವ್ಯಾಪಾರದಲ್ಲಿ ಮೇಲೆ ಬಂದವನು. ಮಗ ವ್ಯಾಪಾರ ಬಿಟ್ಟು ಕೃಷಿ ವಿಜ್ಞಾನ ಓದಿದ. ಆಮೇಲೆ ಇಂಗ್ಲೆಂಡಿಗೆ ಹೋಗಿ, ತಳಿವಿಜ್ಞಾನಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಒಬ್ಬನಾದ ವಿಲಿಯಂ ಬೇಟ್ಸನ್ ಬಳಿ ಕಲಿತ. 1917ರಲ್ಲಿ ಕ್ರಾಂತಿಯ ಹೊತ್ತಿಗೆ ಆತ ವೋಲ್ಗಾ ನದಿ ದಂಡೆಯ ಸರಾತೊವ್ ನಗರದಲ್ಲಿ ಪ್ರಾಧ್ಯಾಪಕ. 1920ರಲ್ಲಿ ಅಲ್ಲೇ ನಡೆದ ಸಮ್ಮೇಳನದಲ್ಲಿ, ಹತ್ತಿರದ ಸಂಬಂಧವಿರುವ ಸಸ್ಯಗಳಲ್ಲಿ ಒಂದೇ ಬಗೆಯ ವೈವಿಧ್ಯಗಳು ಸಾಲಾಗಿ ಮರುಕಳಿಸುತ್ತವೆ ಎಂಬ ತನ್ನ ನಿಯಮವನ್ನು ಮಂಡಿಸಿ ಹೆಸರು ಮಾಡಿದ. ಮರುವರ್ಷ ಪೆಟ್ರೊಗ್ರಾದ್‌ಗೆ, ಅಂದರೆ ಇಂದಿನ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದ. ಅದೇ ವರ್ಷ ವೋಲ್ಗಾ ಸೀಮೆಯಲ್ಲಿ ಭೀಕರ ಕ್ಷಾಮ ಬಿತ್ತು.

ಆತನ ಯೋಚನೆ ಸರಳ. ಒಂದು ಬೆಳೆಯನ್ನು ಮನುಷ್ಯ ಮೊದಲು ಪಳಗಿಸಿದ ಕಡೆ ಅದರ ವೈವಿಧ್ಯ ಹೆಚ್ಚಿರುತ್ತದೆ. ಚಳಿ ತಾಳುವ, ಬರ ತಾಳುವ, ರೋಗ ತಡೆಯುವ ಗುಣಗಳು ಆ ವೈವಿಧ್ಯದೊಳಗೆ ಇರುತ್ತವೆ. ಅಲ್ಲಿಂದ ಬೀಜ ತಂದು, ತಳಿ ಕೂಡಿಸಿ, ವರ್ಷಗಟ್ಟಲೆ ಪರೀಕ್ಷಿಸಿದರೆ ರಷ್ಯಾದ ಮಣ್ಣಿಗೆ ಒಗ್ಗುವ ತಳಿ ಸಿಗುತ್ತದೆ. ಈ ಬೀಜಗಳಿಗಾಗಿ 1924ರಲ್ಲಿ ಅಫ್ಘಾನಿಸ್ತಾನ, 1927ರಲ್ಲಿ ಇಥಿಯೋಪಿಯಾ, 1929ರಲ್ಲಿ ಪಶ್ಚಿಮ ಚೀನಾ ಮತ್ತು ಜಪಾನ್, 30ರ ದಶಕದ ಆರಂಭದಲ್ಲಿ ಲ್ಯಾಟಿನ್ ಅಮೆರಿಕ ಸುತ್ತಿದ. ಈಗಿನ ಕಜಕಿಸ್ತಾನದ ಅಲ್ಮಾಟಿ ಸುತ್ತಲಿನ ಕಾಡು ಸೇಬಿನ ಮರಗಳನ್ನು ನೋಡಿ ನಾವು ತಿನ್ನುವ ಸೇಬಿನ ಮೂಲ ಇಲ್ಲೇ ಇದೆ ಅಂದ. ವಂಶವಾಹಿಗಳ ಅಧ್ಯಯನ ಮುಂದೆ ಅದನ್ನು ನಿಜ ಮಾಡಿತು. 1940ರ ಹೊತ್ತಿಗೆ ಸಂಸ್ಥೆಯ ಬಳಿ 2 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿದ್ದವು.

ಇಷ್ಟಕ್ಕೂ ದುಡ್ಡು ಕೊಟ್ಟಿದ್ದು ಸೋವಿಯತ್ ಸರ್ಕಾರವೇ. 1926ರಲ್ಲಿ ಲೆನಿನ್ ಪ್ರಶಸ್ತಿ ಕೊಟ್ಟಿತು, 1929ರಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನನ್ನಾಗಿ ಮಾಡಿತು. ಸಮಾಜವಾದಿ ಸರ್ಕಾರ ವಿಜ್ಞಾನವನ್ನು ಮೊದಲಿಂದಲೂ ದ್ವೇಷಿಸುತ್ತಿತ್ತು ಅಂತ ಹೇಳಿ ಈ ಕಥೆಯನ್ನು ಮುಗಿಸಿಬಿಡಲು ಆಗುವುದಿಲ್ಲ. ಬೆಳೆಸಿದ್ದೂ ಕೊಂದದ್ದೂ ಒಂದೇ ಪ್ರಭುತ್ವ. ನಡುವೆ ಏನಾಯ್ತು ಅನ್ನುವುದನ್ನೇ ನಾವು ನೋಡಬೇಕು.

ನಡುವೆ ಬಂದದ್ದು ಸ್ಟಾಲಿನ್‌ನ ಅವಸರ. ರೈತರ ಜಮೀನನ್ನು ಬಲವಂತದಿಂದ ಸಾಮೂಹಿಕ ಬೇಸಾಯಕ್ಕೆ ಸೇರಿಸಿ, ಧಾನ್ಯ ಕಿತ್ತುಕೊಂಡ ಪರಿಣಾಮ 1932-33ರಲ್ಲಿ ಉಕ್ರೇನ್, ವೋಲ್ಗಾ ಸೀಮೆ, ಕಜಕಿಸ್ತಾನಗಳಲ್ಲಿ ಹತ್ತಾರು ಲಕ್ಷ ಜನ ಸತ್ತರು. ಆದರೆ ನೀತಿ ತಪ್ಪು ಅಂತ ಒಪ್ಪುವ ಹಾಗಿರಲಿಲ್ಲ. ಬೆಳೆ ಬೇಗ ಬರಬೇಕು, ಬರದಿದ್ದರೆ ಯಾರನ್ನಾದರೂ ದೂರಬೇಕು. ಹೊಸ ತಳಿ ಕಟ್ಟಲು 10-12 ವರ್ಷ ಹಿಡಿಯುತ್ತಿದ್ದ ಕಾಲದಲ್ಲಿ, 4-5 ವರ್ಷದಲ್ಲಿ ಮುಗಿಸಿ ಅಂತ 1931ರಲ್ಲೇ ಸರ್ಕಾರದ ಆದೇಶ ಬಂದಿತ್ತು. ಅದಕ್ಕಿಂತಲೂ ಬೇಗ ಮಾಡಿ ತೋರಿಸುತ್ತೇನೆ ಅಂದವನು ಟ್ರೊಫಿಮ್ ಲೈಸೆಂಕೊ.

ಲೈಸೆಂಕೊ ಉಕ್ರೇನಿನ ರೈತನ ಮಗ. ಬಿತ್ತನೆ ಬೀಜವನ್ನು ನೆನೆಸಿ, ತಣ್ಣಗಿಟ್ಟು, ಆಮೇಲೆ ಬಿತ್ತುವ ವಿಧಾನವನ್ನು ದೊಡ್ಡದು ಮಾಡಿದ. ವಿಧಾನದಲ್ಲಿ ಸ್ವಲ್ಪ ಸತ್ಯವಿತ್ತು. ಗೋಧಿಯ ಕೆಲವು ಬಗೆಗಳಿಗೆ ತೆನೆ ಬಿಡಲು ಚಳಿ ಬೇಕೇ ಬೇಕು. ಆದರೆ ಆತ ಅಲ್ಲಿಗೇ ನಿಲ್ಲಲಿಲ್ಲ. ಇದರಿಂದ ದೇಶದ ಇಳುವರಿಯೇ ಏರುತ್ತದೆ, ಹೀಗೆ ಗಳಿಸಿದ ಗುಣ ಮುಂದಿನ ಪೀಳಿಗೆಗೂ ಹೋಗುತ್ತದೆ, ವಂಶವಾಹಿ ಅನ್ನುವುದೇ ಬೂರ್ಜ್ವಾ ಕಟ್ಟುಕಥೆ ಅಂತ ಹೇಳಿದ. ಪುರಾವೆ ಏನು ಅಂದರೆ ಸಾಮೂಹಿಕ ಫಾರಂಗಳಿಗೆ ಕಳಿಸಿ ತುಂಬಿಸಿಕೊಂಡ ಪ್ರಶ್ನಾವಳಿಗಳು! ಎಂಜಿನಿಯರಿಂಗ್ ಓದಿದ ನನಗೆ ಈ ಭಾಗ ಓದುವಾಗ ಮೈ ಉರಿಯುತ್ತದೆ. ಕೆಟ್ಟ ಫಲಿತಾಂಶ ಬರೆದು ಕಳಿಸಿದರೆ ವಿಧ್ವಂಸಕ ಅಂತ ಜೈಲಿಗೆ ಹೋಗಬೇಕಾಗಬಹುದು ಎಂಬ ಭಯವಿರುವಾಗ ಫಾರಂ ಮುಖ್ಯಸ್ಥ ಏನು ಬರೆದಾನು?

ಇಲ್ಲೊಂದು ಕಹಿ ಸಂಗತಿ ಇದೆ. ಶುರುವಿನಲ್ಲಿ ಲೈಸೆಂಕೊನನ್ನು ಹೊಗಳಿ ಮೇಲೆ ತಂದವರಲ್ಲಿ ವಾವಿಲೊವ್ ಕೂಡ ಒಬ್ಬ. ಹಳ್ಳಿಯಿಂದ ಬಂದ ಪ್ರತಿಭಾವಂತನಿಗೆ ಅವಕಾಶ ಸಿಗಲಿ ಅನ್ನುವುದು ಆತನ ಉದಾರತೆ. ಆದರೆ 1935ರ ಫೆಬ್ರವರಿಯಲ್ಲಿ ಸ್ಟಾಲಿನ್ ಎದುರಲ್ಲೇ ಲೈಸೆಂಕೊ, ವರ್ಗಶತ್ರುಗಳು ವಿಜ್ಞಾನದಲ್ಲೂ ಅಡಗಿದ್ದಾರೆ ಅಂತ ಭಾಷಣ ಮಾಡಿದ. ಸ್ಟಾಲಿನ್ ಮೆಚ್ಚಿ ಶಹಬ್ಬಾಸ್ ಹೇಳಿದ. ಅಲ್ಲಿಂದಾಚೆಗೆ ಗೋಧಿಯ ಬಗ್ಗೆ ಯಾರ ಲೆಕ್ಕ ಸರಿ ಅನ್ನುವುದಕ್ಕಿಂತ ಯಾರ ಅಪ್ಪ ಯಾರು ಅನ್ನುವುದೇ ಮುಖ್ಯವಾಯ್ತು. ರೈತನ ಮಗನ ಎದುರು ವ್ಯಾಪಾರಿಯ ಮಗ, ಅದೂ ವಿದೇಶ ಸುತ್ತಿದವನು. ತುಳಿತಕ್ಕೊಳಗಾದವರ ಪರ ನಿಲ್ಲುವ ನಮ್ಮಂಥವರು ಈ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕು. ನ್ಯಾಯದ ಭಾಷೆಯನ್ನೇ ಬಳಸಿ ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಸಾಧ್ಯ, ಮತ್ತು ಅದರ ಬೆಲೆ ತೆತ್ತವರಲ್ಲಿ ರೈತರೂ ಇದ್ದರು.

1938ರಲ್ಲಿ ಅಕಾಡೆಮಿ ಅಧ್ಯಕ್ಷನಾದ ಲೈಸೆಂಕೊ, ವಾವಿಲೊವ್‌ಗೇ ಮೇಲಧಿಕಾರಿಯಾದ. 1939ರಲ್ಲಿ ಎಡಿನ್‌ಬರೋದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನ ವಾವಿಲೊವ್‌ನನ್ನು ಅಧ್ಯಕ್ಷನಾಗಿ ಆರಿಸಿತು. ಹೋಗಲು ಸರ್ಕಾರ ಬಿಡಲಿಲ್ಲ. ಆದರೂ ಆತ ತನ್ನ ಮಾತು ಹಿಂತೆಗೆದುಕೊಳ್ಳಲಿಲ್ಲ. 1940ರ ಆಗಸ್ಟ್ 6ರಂದು ಪಶ್ಚಿಮ ಉಕ್ರೇನಿನಲ್ಲಿ ಗಿಡ ಹುಡುಕುತ್ತಿದ್ದವನನ್ನು ಗುಪ್ತ ಪೊಲೀಸರು ಕರೆದೊಯ್ದರು. ಕೃಷಿಯನ್ನು ಬೇಕಂತಲೇ ಹಾಳು ಮಾಡಿದ, ಬ್ರಿಟನ್‌ಗಾಗಿ ಗೂಢಚರ್ಯೆ ಮಾಡಿದ ಅನ್ನುವುದು ಆರೋಪ. ತಿಂಗಳುಗಟ್ಟಲೆ ವಿಚಾರಣೆ ನಡೆಸಿ 1941ರ ಜುಲೈನಲ್ಲಿ ಮರಣದಂಡನೆ ವಿಧಿಸಿದರು. ಜರ್ಮನ್ ಸೇನೆ ಮಾಸ್ಕೋ ಹತ್ತಿರ ಬಂದಾಗ ಕೈದಿಗಳನ್ನು ಸಾಗಿಸಿದರು. ವಾವಿಲೊವ್‌ನನ್ನು ಒಯ್ದದ್ದು ಎಲ್ಲಿಗೆ ಗೊತ್ತಾ? 1920ರಲ್ಲಿ ಹೆಸರು ತಂದುಕೊಟ್ಟ ಅದೇ ಸರಾತೊವ್‌ಗೆ. 1942ರಲ್ಲಿ ಶಿಕ್ಷೆಯನ್ನು 20 ವರ್ಷದ ಸೆರೆಗೆ ಇಳಿಸಿದರು. 1943ರ ಜನವರಿ 26ರಂದು ಆತ ಜೈಲಿನಲ್ಲೇ ಕೊನೆಯುಸಿರೆಳೆದ. ವಯಸ್ಸು 55.

ಅದೇ ಸಮಯದಲ್ಲಿ, ಜರ್ಮನ್ನರು ಮುತ್ತಿಗೆ ಹಾಕಿದ್ದ ಲೆನಿನ್‌ಗ್ರಾದ್‌ನಲ್ಲಿ, ಅಂದರೆ ಅದೇ ಪೀಟರ್ಸ್‌ಬರ್ಗ್‌ನಲ್ಲಿ, ಆತನ ಸಹೋದ್ಯೋಗಿಗಳು ಐಸಾಕ್ ಚೌಕದ ಕಟ್ಟಡದಲ್ಲಿ ಬೀಜ ಕಾಯುತ್ತಿದ್ದರು. 872 ದಿನಗಳ ಆ ಮುತ್ತಿಗೆಯಲ್ಲಿ ನಗರದ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸಂಸ್ಥೆಯಲ್ಲಿ ಅಕ್ಕಿ, ಓಟ್ಸ್, ಕಡಲೆಕಾಯಿ, ಆಲೂಗಡ್ಡೆ ಎಲ್ಲ ಇದ್ದವು. ಮುಟ್ಟಲಿಲ್ಲ. ಭತ್ತದ ತಜ್ಞ ದ್ಮಿತ್ರಿ ಇವಾನೊವ್ ಭತ್ತದ ಪೊಟ್ಟಣಗಳ ನಡುವೆ ಹಸಿದು ಸತ್ತ. ಕಡಲೆಕಾಯಿ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ಮೇಜಿನ ಮೇಲೆ ಕೆಲಸ ಮಾಡುತ್ತಲೇ ಸತ್ತ.

ಲೈಸೆಂಕೊನ ದರ್ಬಾರು ಅಷ್ಟು ಬೇಗ ಮುಗಿಯಲಿಲ್ಲ. 1948ರಲ್ಲಿ ತಳಿವಿಜ್ಞಾನಕ್ಕೆ ಅಧಿಕೃತವಾಗಿ ಬಹಿಷ್ಕಾರ ಬಿತ್ತು, ವಿಜ್ಞಾನಿಗಳು ಕೆಲಸ ಕಳೆದುಕೊಂಡರು. 1955ರಲ್ಲಿ ವಾವಿಲೊವ್ ನಿರಪರಾಧಿ ಅಂತ ಘೋಷಿಸಿದರೂ, ಲೈಸೆಂಕೊ ಇಳಿದದ್ದು 1964ರಲ್ಲಿ ಕ್ರುಶ್ಚೇವ್ ಪದಚ್ಯುತನಾದ ಮೇಲೆ. ಒಂದು ದೇಶದ ಜೀವವಿಜ್ಞಾನ ಒಂದು ಇಡೀ ಪೀಳಿಗೆಯಷ್ಟು ಹಿಂದೆ ಬಿತ್ತು.

ಇವತ್ತು ಆ ಸಂಸ್ಥೆಗೆ ವಾವಿಲೊವ್ ಹೆಸರಿದೆ. ಊರಿಂದ 30 ಕಿಲೋಮೀಟರ್ ದೂರದ ಪಾವ್ಲೊವ್ಸ್ಕ್‌ಗೆ ಪ್ರವಾಸಿಗರು ಅರಮನೆ ನೋಡಲು ಹೋಗುತ್ತಾರೆ. ಅದೇ ಊರಲ್ಲಿ ಸಂಸ್ಥೆಯ ಹಣ್ಣಿನ ಗಿಡಗಳ ತೋಟವಿದೆ. 2010ರಲ್ಲಿ ಅದನ್ನು ಕೆಡವಿ ಮನೆ ಕಟ್ಟುವ ಯೋಜನೆ ಬಂದಾಗ ಜಗತ್ತಿನ ವಿಜ್ಞಾನಿಗಳು ಎದ್ದು ನಿಂತು ತಡೆದರು. ಮಾಸ್ಕೋದಿಂದ ಸುಮಾರು 850 ಕಿಲೋಮೀಟರ್ ದೂರದ ಸರಾತೊವ್‌ಗೆ ರೈಲಿದೆ. ಅಲ್ಲಿ ವಾವಿಲೊವ್‌ನ ಪ್ರತಿಮೆ ಇದೆ, ವೊಸ್ಕ್ರೆಸೆನ್ಸ್ಕೊಯೆ ಸ್ಮಶಾನದಲ್ಲಿ ಸ್ಮಾರಕವೂ ಇದೆ. ನಿಜವಾದ ಸಮಾಧಿ ಎಲ್ಲಿ ಅಂತ ಯಾರಿಗೂ ತಿಳಿಯದು. ಕೈದಿಗಳನ್ನು ಒಟ್ಟಿಗೆ ಹೂಳುತ್ತಿದ್ದರು.

ಸ್ಟಾಲಿನ್ ಕಾಲದ ಬಲಿಪಶುಗಳ ದಾಖಲೆಗಳನ್ನು ದಶಕಗಳ ಕಾಲ ಕಲೆಹಾಕಿದ ಮೆಮೋರಿಯಲ್ ಸಂಸ್ಥೆಯನ್ನು ಮುಚ್ಚಿಸಲು ರಷ್ಯಾದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ಆದೇಶಿಸಿತು. ಹಾಗಾಗಿ ಈಗ ರಷ್ಯಾಗೆ ಹೋಗುವವರು ಈ ಕಥೆಯನ್ನು ಮೊದಲೇ ಓದಿಕೊಂಡು ಹೋಗುವುದು ಒಳ್ಳೆಯದು. ಸರಾತೊವ್‌ನಲ್ಲಿ ಆತನ ಪ್ರತಿಮೆಯ ಮುಂದೆ ನಿಂತಾಗ, ಅದೇ ಊರಿನ ಜೈಲಿನಲ್ಲಿ ಆತ ಹೇಗೆ ಸತ್ತ ಅನ್ನುವುದು ನಿಮಗೆ ಗೊತ್ತಿರಲಿ.