ಮೌನಿ ಟಾಮ್: ಗೆಲುವಿನ ಲೆಕ್ಕ, ಕುದುರೆಯ ಋಣ

ಬಾಹುಕನ ವೇಷದಲ್ಲಿದ್ದ ನಳ ಮಹಾರಾಜ ಋತುಪರ್ಣನ ರಥಕ್ಕೆ ಬಡಕಲು ಕುದುರೆಗಳನ್ನು ಆರಿಸಿದಾಗ ರಾಜ ಅನುಮಾನಪಟ್ಟಿದ್ದು ನಮಗೆಲ್ಲ ಗೊತ್ತಿರುವ ಕಥೆ. ಅಶ್ವಹೃದಯ ಬಲ್ಲವನಿಗೆ ಮಾತ್ರ ಆ ಬಡಕಲು ಮೈಯೊಳಗಿನ ವೇಗ ಕಂಡಿತ್ತು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿಯೂ ಇಂಥದೇ ಒಂದು ಆಯ್ಕೆ ನಡೆಯಿತು. ಆರಿಸಿದಾತನ ಹೆಸರು ಟಾಮ್ ಸ್ಮಿತ್. ಆರಿಸಲ್ಪಟ್ಟ ಕುದುರೆ ಸೀಬಿಸ್ಕಿಟ್.

ರೇಸ್ ಕುದುರೆಗಳ ತರಬೇತುದಾರನನ್ನು ಅಳೆಯುವುದಕ್ಕೆ ಜಗತ್ತಿನೆಲ್ಲೆಡೆ ಇರುವ ಅಳತೆಗೋಲು ಒಂದೇ. ಎಷ್ಟು ಗೆದ್ದ, ಎಷ್ಟು ಹಣ ತಂದ ಎಂಬುದೇ ಅದು. ಬೆಂಗಳೂರಿನ ಮತ್ತು ಮೈಸೂರಿನ ರೇಸ್ ಕೋರ್ಸ್‌ಗಳ ಕಟಕಟೆಗೆ ಆತು ನಿಂತವರಿಗೂ ಇದು ಹೊಸದಲ್ಲ. ಗೆದ್ದ ಕುದುರೆ ಲಾಯಕ್ಕೆ ಮರಳಿದ ಮೇಲೆ ಅದರ ಪಾಡೇನು ಎಂದು ವಿಚಾರಿಸುವವರು ಕಡಿಮೆ. ಟಾಮ್ ಸ್ಮಿತ್‌ನ ಬದುಕನ್ನು ಈ ಎರಡೂ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಸಿಗುವ ಉತ್ತರ ಅಷ್ಟು ಸರಳವಾಗಿಲ್ಲ. ಆತನ ಕಥೆ ಇಂದಿಗೂ ಓದಿಸಿಕೊಳ್ಳುವುದು ಬಹುಶಃ ಅದರಿಂದಲೇ.

ಹುಲ್ಲುಗಾವಲಿನಿಂದ ಲಾಯಕ್ಕೆ

ರಾಬರ್ಟ್ ಥಾಮಸ್ ಸ್ಮಿತ್ ಹುಟ್ಟಿದ್ದು 1878ರ ಮೇ 20ರಂದು, ಜಾರ್ಜಿಯಾ ರಾಜ್ಯದ ಒಳನಾಡಿನಲ್ಲಿ. ಕುದುರೆಯೇ ಸಾರಿಗೆ, ಕುದುರೆಯೇ ಕಸುಬು ಎಂದಿದ್ದ ಕಾಲವದು. ಪಶ್ಚಿಮದ ಬಯಲುಗಳಲ್ಲಿ ಕಾಡುಕುದುರೆಗಳನ್ನು ಪಳಗಿಸುತ್ತ, ದನ ಮೇಯಿಸುವ ರಾಂಚ್‌ಗಳಲ್ಲಿ ಮೇಸ್ತ್ರಿಕೆ ಮಾಡುತ್ತ ಸ್ಮಿತ್ ಯೌವನ ಕಳೆದ. ಲಾಳ ಕಟ್ಟುವುದು, ಗಾಯಕ್ಕೆ ಮದ್ದು ಅರೆಯುವುದು, ಕಾಲಿನ ಊತವನ್ನು ಬೆರಳ ತುದಿಯಲ್ಲೇ ಗುರುತಿಸುವುದು ಎಲ್ಲವನ್ನೂ ಕಲಿತದ್ದು ಅಲ್ಲಿಯೇ.

ಮೋಟಾರು ಬಂದಿತು. ಕುದುರೆಗೆ ಕೆಲಸ ತಪ್ಪಿತು. ಕುದುರೆಯನ್ನು ನಂಬಿದವನಿಗೂ ತಪ್ಪಿತು. ಸ್ಮಿತ್, ಸಿ.ಬಿ. ಇರ್ವಿನ್ ಎಂಬಾತನ ತಂಡ ಸೇರಿದ. ವೈಲ್ಡ್ ವೆಸ್ಟ್ ಪ್ರದರ್ಶನ ಮತ್ತು ಅಗ್ಗದ ರೇಸು, ಎರಡನ್ನೂ ನಡೆಸುತ್ತಿದ್ದ ಸಂಚಾರಿ ತಂಡವದು. ದಣಿದ ಕುದುರೆಯನ್ನೇ ಮತ್ತೆ ಮತ್ತೆ ಓಡಿಸುವ ಇಂಥ ಜಗತ್ತಿನಲ್ಲಿ, ಮುರಿದುದನ್ನು ಸರಿಪಡಿಸುವ ವಿದ್ಯೆ ಸ್ಮಿತ್‌ನಿಗೆ ಕರತಲಾಮಲಕವಾಯಿತು. 1934ರಲ್ಲಿ ಇರ್ವಿನ್ ತೀರಿಕೊಂಡಾಗ ಸ್ಮಿತ್‌ಗೆ ವಯಸ್ಸು ಐವತ್ತೈದು. ಕೈಯಲ್ಲಿ ಕಾಸಿಲ್ಲ, ಹೆಸರೂ ಇಲ್ಲ.

ಆಗ ಆತನನ್ನು ಕೆಲಸಕ್ಕೆ ಕರೆದವನು ಚಾರ್ಲ್ಸ್ ಹೊವಾರ್ಡ್. ಕ್ಯಾಲಿಫೋರ್ನಿಯಾದಲ್ಲಿ ಬ್ಯೂಕ್ ಕಾರುಗಳನ್ನು ಮಾರಿ ಶ್ರೀಮಂತನಾದವನು. ಕುದುರೆಯ ಯುಗವನ್ನು ಮುಗಿಸಿದ ವ್ಯಾಪಾರದಿಂದಲೇ ಬಂದ ಹಣ, ಕುದುರೆಯ ಹೊರತು ಬೇರೇನೂ ಅರಿಯದವನಿಗೆ ಅನ್ನ ಕೊಟ್ಟಿದ್ದು ವಿಧಿಯ ವಿನೋದವೇ ಸರಿ!

ಎಂಟು ಸಾವಿರ ಡಾಲರಿನ ಸರಕು

1936ರ ಬೇಸಿಗೆಯಲ್ಲಿ ಬಾಸ್ಟನ್ನಿನ ರೇಸ್ ಕೋರ್ಸಿನಲ್ಲಿ ಸ್ಮಿತ್ ಮೊದಲ ಬಾರಿಗೆ ಸೀಬಿಸ್ಕಿಟ್‌ನನ್ನು ಕಂಡ. ಗಿಡ್ಡ ಮೈ, ನೆಟ್ಟಗಾಗದ ಮೊಣಕಾಲು, ಎಡವಟ್ಟು ನಡಿಗೆ, ಸಿಡುಕಿನ ಸ್ವಭಾವ. ಮೂರು ವರ್ಷದ ಆ ಕುದುರೆ ಅಮೆರಿಕದ ದಂತಕಥೆಯಾಗಿದ್ದ ಮ್ಯಾನ್ ಓ ವಾರ್‌ನ ಮೊಮ್ಮಗ ಎಂದರೆ ನಂಬುವಂತಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಹೊವಾರ್ಡ್ 8 ಸಾವಿರ ಡಾಲರ್ ತೆತ್ತು ಅದನ್ನು ಕೊಂಡುಕೊಂಡ.

ಅದುವರೆಗೆ ಸೀಬಿಸ್ಕಿಟ್ ಇದ್ದದ್ದು ಸಾಮಾನ್ಯನ ಕೈಯಲ್ಲಲ್ಲ. ಸನ್ನಿ ಜಿಮ್ ಎಂದೇ ಖ್ಯಾತನಾಗಿದ್ದ ಜೇಮ್ಸ್ ಫಿಟ್ಸ್‌ಸಿಮನ್ಸ್ ಅದರ ತರಬೇತುದಾರ. 1930ರಲ್ಲಿ ಗ್ಯಾಲಂಟ್ ಫಾಕ್ಸ್, 1935ರಲ್ಲಿ ಒಮಾಹಾ ಎಂಬ ಕುದುರೆಗಳಿಂದ ಎರಡು ಬಾರಿ ತ್ರಿವಳಿ ಕಿರೀಟ ಗೆದ್ದವನು. ಇಡೀ ಬದುಕಿನಲ್ಲಿ 2,275 ರೇಸುಗಳನ್ನು ಗೆದ್ದವನು. ಗೆಲುವನ್ನೇ ಅಳತೆಗೋಲಾಗಿಸಿದರೆ ಸ್ಮಿತ್ ಆತನ ಹತ್ತಿರಕ್ಕೂ ಸುಳಿಯಲಾರ.

ಆದರೆ ಅದೇ ಫಿಟ್ಸ್‌ಸಿಮನ್ಸ್‌ನ ಲಾಯದಲ್ಲಿ ಸೀಬಿಸ್ಕಿಟ್ ಎರಡನೆಯ ವಯಸ್ಸಿನಲ್ಲೇ 35 ಬಾರಿ ಓಡಬೇಕಾಯಿತು. ಗೆದ್ದದ್ದು ಕೇವಲ ಐದು. ಎಲುಬು ಇನ್ನೂ ಬಲಿಯದ ಪ್ರಾಯದ ಕುದುರೆಗೆ ಇದು ಅತಿಯಾದ ಹೊರೆ ಎಂದು ತಿಳಿಯಲು ಪಶುವೈದ್ಯನೇ ಆಗಬೇಕಿಲ್ಲ. ಫಿಟ್ಸ್‌ಸಿಮನ್ಸ್ ಕ್ರೂರಿಯಲ್ಲ, ಮೃದುಹೃದಯಿ ಎಂದೇ ಹೆಸರಾಗಿದ್ದವನು. ಶ್ರೇಷ್ಠ ತಳಿಯ ಕುದುರೆಗಳು ತುಂಬಿದ್ದ ದೊಡ್ಡ ಲಾಯದಲ್ಲಿ ಸೋಮಾರಿಯೆನಿಸಿದ ಒಂದು ಪ್ರಾಣಿ ಆತನ ಕಣ್ಣಿಗೆ ಸರಿಯಾಗಿ ಬೀಳಲಿಲ್ಲ, ಅಷ್ಟೆ. ಅನಾದರಕ್ಕೆ ಕ್ರೌರ್ಯವೇ ಬೇಕೆಂದಿಲ್ಲ, ಸಮಯದ ಅಭಾವವೂ ಸಾಕು ಎಂಬುದಕ್ಕೆ ಇದು ಸಾಕ್ಷಿ.

ಮೊದಲು ನಿದ್ದೆ, ಆಮೇಲೆ ಓಟ

ಹೊಸ ಲಾಯಕ್ಕೆ ಬಂದಾಗ ಸೀಬಿಸ್ಕಿಟ್‌ನ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಮೇವು ಮುಟ್ಟುತ್ತಿರಲಿಲ್ಲ. ಲಾಯದೊಳಗೆ ಗಾಣದೆತ್ತಿನಂತೆ ಸುತ್ತುತ್ತಿತ್ತು. ಸ್ಮಿತ್ ಮಾಡಿದ ಮೊದಲ ಕೆಲಸ ಓಟವನ್ನು ಮರೆಸಿದ್ದು.

ಕುದುರೆ ಹಿಂಡಿನಲ್ಲಿ ಬದುಕುವ ಪ್ರಾಣಿ. ಒಂಟಿತನವೇ ಅದರ ರೋಗವೆಂದು ಸ್ಮಿತ್ ಬಗೆದ. ಜೊತೆಗೆ ಒಂದು ಮೇಕೆಯನ್ನು ಬಿಟ್ಟು ನೋಡಿದ. ಸೀಬಿಸ್ಕಿಟ್ ಅದನ್ನು ಹಲ್ಲಿನಲ್ಲಿ ಕಚ್ಚಿ ಹೊರಗೆ ಎಸೆಯಿತು. ಆಮೇಲೆ ತಂದದ್ದು ಪಂಪ್‌ಕಿನ್ ಎಂಬ ಹಳದಿ ಬಣ್ಣದ ಸಾಧು ಕುದುರೆಯನ್ನು. ಎರಡು ಲಾಯಗಳ ನಡುವಿನ ಗೋಡೆಯನ್ನೇ ಒಡೆಸಿದ. ಈ ಸ್ನೇಹ ಕೊನೆಯವರೆಗೂ ಉಳಿಯಿತು. ಒಂದು ನಾಯಿ, ಒಂದು ಕೋತಿಯೂ ಈ ಸಂಸಾರಕ್ಕೆ ಸೇರಿಕೊಂಡವು.

ಸೀಬಿಸ್ಕಿಟ್‌ಗೆ ನಿದ್ದೆಯೆಂದರೆ ಪ್ರಾಣ. ಉಳಿದ ಲಾಯಗಳಲ್ಲಿ ನಸುಕಿಗೇ ಕುದುರೆಗಳನ್ನು ಎಬ್ಬಿಸಿದರೆ, ಇಲ್ಲಿ ಅದು ತಾನಾಗಿ ಏಳುವವರೆಗೆ ಕಾಯುವುದು ರೂಢಿಯಾಯಿತು. ಕಾಲಿಗೆ ಲೇಪ, ಬಟ್ಟೆಯ ಪಟ್ಟಿ, ಹೊಟ್ಟೆತುಂಬ ಒಳ್ಳೆಯ ಹುಲ್ಲು. ಮೊಂಡು ಹಿಡಿದರೆ ಚಾವಟಿಯಿಂದ ಮಣಿಸುವ ಬದಲು ಅದರ ಪಾಡಿಗೆ ಬಿಡುವಂತೆ ಸವಾರರಿಗೆ ಸೂಚನೆ. ತನ್ನಿಚ್ಛೆಯಂತೆ ಓಡಲು ಬಿಟ್ಟ ಮೇಲೆ ಹಟಕ್ಕೆ ಕಾರಣವೇ ಉಳಿಯಲಿಲ್ಲ.

ಸ್ಮಿತ್ ಇದಾವುದನ್ನೂ ಪತ್ರಕರ್ತರಿಗೆ ವಿವರಿಸಲಿಲ್ಲ. ಮೌನಿ ಟಾಮ್ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಮನುಷ್ಯರೊಡನೆ ಎರಡು ಪದ ಆಡಲು ಒದ್ದಾಡುತ್ತಿದ್ದವನು ಕುದುರೆಯ ಮುಂದೆ ಗಂಟೆಗಟ್ಟಲೆ ಕುಳಿತು ನೋಡುತ್ತಿದ್ದ. ಸವಾರನ ಆಯ್ಕೆಯಲ್ಲೂ ಅದೇ ಕಣ್ಣು. ಎಲ್ಲರೂ ಕೈಬಿಟ್ಟಿದ್ದ, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ರೆಡ್ ಪೊಲಾರ್ಡ್ ಸೀಬಿಸ್ಕಿಟ್‌ನ ಜಾಕಿಯಾದ. ಆ ಕಣ್ಣಿನ ಸಂಗತಿಯನ್ನು ಪೊಲಾರ್ಡ್ ಲೋಕಕ್ಕೆ ಗುಟ್ಟಾಗಿಟ್ಟಿದ್ದ.

ಫಲ ತಡವಾಗಲಿಲ್ಲ. 1937ರಲ್ಲಿ ಸೀಬಿಸ್ಕಿಟ್ 15 ರೇಸುಗಳಲ್ಲಿ 11 ಗೆದ್ದಿತು. ಆ ವರ್ಷ ದೇಶದಲ್ಲೇ ಅತಿ ಹೆಚ್ಚು ಹಣ ಗಳಿಸಿದ ಕುದುರೆಯಾಯಿತು. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕಂಗಾಲಾಗಿದ್ದ ಜನ ಈ ಗಿಡ್ಡ ಕುದುರೆಯಲ್ಲಿ ತಮ್ಮನ್ನೇ ಕಂಡರು.

ಓಡಿಸದೆ ಉಳಿಸಿದ ದಿನಗಳು

ತರಬೇತುದಾರನ ನಿಜವಾದ ಪರೀಕ್ಷೆ ರೇಸು ನಡೆಯುವ ದಿನಕ್ಕಿಂತ, ರೇಸನ್ನು ಕೈಬಿಡುವ ದಿನ ಆಗುತ್ತದೆ. 1938ರ ಮೇ 30ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್‌ನಲ್ಲಿ ಸೀಬಿಸ್ಕಿಟ್ ಮತ್ತು ವಾರ್ ಅಡ್ಮಿರಲ್ ನಡುವೆ ಜೋಡಿ ಸ್ಪರ್ಧೆ ನಿಗದಿಯಾಗಿತ್ತು. ಬಹುಮಾನ 1 ಲಕ್ಷ ಡಾಲರ್. 1937ರ ತ್ರಿವಳಿ ಕಿರೀಟ ಗೆದ್ದಿದ್ದ ವಾರ್ ಅಡ್ಮಿರಲ್, ಮ್ಯಾನ್ ಓ ವಾರ್‌ನ ಮಗ. ವಂಶಾವಳಿಯ ಲೆಕ್ಕದಲ್ಲಿ ಸೀಬಿಸ್ಕಿಟ್‌ಗೆ ಚಿಕ್ಕಪ್ಪ! ದೇಶವೇ ಕಾಯುತ್ತಿತ್ತು. ಆದರೆ ಸೀಬಿಸ್ಕಿಟ್‌ನ ಮೊಣಕಾಲು ಸರಿಯಿಲ್ಲವೆಂದು ಸ್ಮಿತ್ ಮತ್ತು ಹೊವಾರ್ಡ್ ಹಿಂದೆ ಸರಿದರು. ಒಂದು ತಿಂಗಳ ನಂತರ ಮ್ಯಾಸಚೂಸೆಟ್ಸ್ ಹ್ಯಾಂಡಿಕ್ಯಾಪ್‌ನಲ್ಲಿ, ಜನ ಸೇರಿಯಾದ ಮೇಲೆ, ರೇಸಿಗೆ ಸ್ವಲ್ಪವೇ ಮುನ್ನ ಕಾಲಿನ ತೊಂದರೆ ಕಂಡು ಮತ್ತೆ ಕುದುರೆಯನ್ನು ಹಿಂತೆಗೆದುಕೊಂಡರು. ಹೇಡಿಗಳೆಂಬ ಮೂದಲಿಕೆ ಕೇಳಿಬಂತು. ಸ್ಮಿತ್ ಎಂದಿನಂತೆ ಮಾತಾಡಲಿಲ್ಲ.

ಕೊನೆಗೆ 1938ರ ನವೆಂಬರ್ 1ರಂದು ಬಾಲ್ಟಿಮೋರ್‌ನ ಪಿಮ್ಲಿಕೊದಲ್ಲಿ ಎರಡೂ ಕುದುರೆಗಳು ಎದುರಾದವು. ಆರಂಭದಲ್ಲೇ ಚಿಮ್ಮಿ ಮುನ್ನಡೆಯುವುದು ವಾರ್ ಅಡ್ಮಿರಲ್‌ನ ಬಲ. ಸೀಬಿಸ್ಕಿಟ್‌ನದು ನಿಧಾನವಾದ ಆರಂಭ. ಸ್ಮಿತ್ ತಾನೇ ಒಂದು ಗಂಟೆಯನ್ನು ತಯಾರಿಸಿ, ಅದರ ಸದ್ದಾದೊಡನೆ ನೆಗೆಯುವುದನ್ನು ಕುದುರೆಗೆ ಕಲಿಸಿದ. ಪೊಲಾರ್ಡ್ ಕಾಲು ಮುರಿದು ಮಲಗಿದ್ದರಿಂದ ಜಾರ್ಜ್ ವುಲ್ಫ್ ಏರಿದ. ಗಂಟೆ ಬಾರಿಸಿದಾಗ ಮುಂದೆ ಚಿಮ್ಮಿದ್ದು ಸೀಬಿಸ್ಕಿಟ್! ರೇಡಿಯೊಗೆ ಕಿವಿಯಾನಿಸಿದ ಕೋಟ್ಯಂತರ ಜನರಿಗೆ ಸುದ್ದಿ ಮುಟ್ಟಿತು: ನಾಲ್ಕು ಉದ್ದಗಳ ಅಂತರದ ಗೆಲುವು, ಆ ಮೈದಾನದ ದಾಖಲೆ. ಅದೇ ವರ್ಷ ಸೀಬಿಸ್ಕಿಟ್ ದೇಶದ ವರ್ಷದ ಕುದುರೆ ಎನಿಸಿತು.

1939ರ ಆರಂಭದಲ್ಲಿ ಕುದುರೆಯ ಮುಂಗಾಲಿನ ಸ್ನಾಯುಬಂಧ ಹರಿಯಿತು. ಅದರ ಓಟ ಮುಗಿಯಿತೆಂದೇ ಎಲ್ಲರ ಎಣಿಕೆ. ವರ್ಷದ ವಿಶ್ರಾಂತಿಯ ನಂತರ ಸ್ಮಿತ್ ಅದನ್ನು ಮತ್ತೆ ಮೈದಾನಕ್ಕೆ ತಂದ. 1940ರ ಮಾರ್ಚ್ 2ರಂದು, ಹಿಂದೆ ಎರಡು ಬಾರಿ ಕೂದಲೆಳೆಯಲ್ಲಿ ತಪ್ಪಿಹೋಗಿದ್ದ ಸ್ಯಾಂಟಾ ಅನಿಟಾ ಹ್ಯಾಂಡಿಕ್ಯಾಪ್ ಅನ್ನು, ಚೇತರಿಸಿಕೊಂಡ ಪೊಲಾರ್ಡ್ ಬೆನ್ನಮೇಲಿರುವಾಗಲೇ ಸೀಬಿಸ್ಕಿಟ್ ಗೆದ್ದಿತು. 89 ಓಟ, 33 ಗೆಲುವು, 4,37,730 ಡಾಲರ್ ಗಳಿಕೆ. ಆವರೆಗೆ ಅಷ್ಟು ಹಣ ಗಳಿಸಿದ ಕುದುರೆ ಜಗತ್ತಿನಲ್ಲಿ ಇನ್ನೊಂದಿರಲಿಲ್ಲ.

ಈ ಮರಳುವಿಕೆಯನ್ನು ಇಂದಿನವರೆಗೂ ಜನ ಕೊಂಡಾಡುತ್ತಾರೆ. ಆದರೂ ಕೇಳಬೇಕಾದ ಪ್ರಶ್ನೆ ಇದೆ. ಏಳು ವರ್ಷದ, ಕಾಲು ಹರಿದ ಕುದುರೆಯನ್ನು ಮತ್ತೆ ಓಡಿಸಿದ್ದು ಯಾರಿಗಾಗಿ? ಅದು ಮೈದಾನದಲ್ಲೇ ಕುಸಿದಿದ್ದರೆ ಇದೇ ಕಥೆಯನ್ನು ನಾವು ಬೇರೆ ದನಿಯಲ್ಲಿ ಹೇಳುತ್ತಿದ್ದೆವು. ಗೆಲುವು ಅಪಾಯವನ್ನು ಅಳಿಸುವುದಿಲ್ಲ, ಮರೆಸುತ್ತದೆ ಅಷ್ಟೆ. ಸ್ಮಿತ್‌ನ ಪರವಾಗಿ ಹೇಳಬಹುದಾದುದು, ಆತ ಅವಸರ ಮಾಡಲಿಲ್ಲ. ಮತ್ತು ಆ ಗೆಲುವಿನ ನಂತರ ಸೀಬಿಸ್ಕಿಟ್ ಮತ್ತೆಂದೂ ಓಡಲಿಲ್ಲ.

ಮೂಗಿಗೆ ಸಿಂಪಡಿಸಿದ ಮದ್ದು

ಹೊವಾರ್ಡ್‌ನ ಲಾಯವನ್ನು ಬಿಟ್ಟ ಮೇಲೆ ಸ್ಮಿತ್, ಸೌಂದರ್ಯವರ್ಧಕಗಳ ಉದ್ಯಮಿ ಎಲಿಜಬೆತ್ ಆರ್ಡನ್‌ಳ ಮೇನ್ ಚಾನ್ಸ್ ಲಾಯದ ಹೊಣೆ ಹೊತ್ತ. 1940ರಂತೆ 1945ರಲ್ಲಿಯೂ ದೇಶದಲ್ಲಿ ಅತಿ ಹೆಚ್ಚು ಹಣ ಗೆದ್ದುಕೊಟ್ಟ ತರಬೇತುದಾರ ಆತನೇ. ಅದೇ ವರ್ಷದ ನವೆಂಬರ್‌ನಲ್ಲಿ ಸಿಡಿಲು ಬಡಿಯಿತು. ನ್ಯೂಯಾರ್ಕಿನ ಜಮೈಕಾ ರೇಸ್ ಕೋರ್ಸಿನಲ್ಲಿ ಓಟಕ್ಕೆ ಮುನ್ನ ಮ್ಯಾಗ್ನಿಫಿಕ್ ಡ್ಯೂಯೆಲ್ ಎಂಬ ಕುದುರೆಯ ಮೂಗಿಗೆ ಲಾಯದ ಕೆಲಸಗಾರನೊಬ್ಬ ಎಫೆಡ್ರಿನ್ ಸಿಂಪಡಿಸಿದ್ದು ಪತ್ತೆಯಾಯಿತು.

ಕಟ್ಟಿದ ಮೂಗನ್ನು ಬಿಡಿಸುವ, ಆದರೆ ಉತ್ತೇಜಕವೂ ಆಗಬಲ್ಲ ಮದ್ದು ಅದು. ಸ್ಮಿತ್‌ನ ಕೈ ಅಲ್ಲಿರಲಿಲ್ಲ. ಸಿಂಪಡಿಸಿದ ಪ್ರಮಾಣ ಓಟದ ಮೇಲೆ ಪರಿಣಾಮ ಬೀರುವಷ್ಟಿರಲಿಲ್ಲವೆಂಬ ವಾದವೂ ಆತನ ಪರವಾಗಿ ಮಂಡನೆಯಾಯಿತು. ಆದರೆ ರೇಸಿನ ನಿಯಮ ಕಠಿಣ: ಲಾಯದಲ್ಲಿ ನಡೆಯುವುದಕ್ಕೆಲ್ಲ ತರಬೇತುದಾರನೇ ಹೊಣೆ. ಜಾಕಿ ಕ್ಲಬ್ ಸ್ಮಿತ್‌ನನ್ನು ಒಂದು ವರ್ಷ ಅಮಾನತುಗೊಳಿಸಿತು. ಅಭಿಮಾನಿಗಳು ಇದನ್ನು ಅನ್ಯಾಯವೆಂದರು. ಸೋತವರು ಹಳೆಯ ಗೆಲುವುಗಳತ್ತಲೂ ಬೆರಳು ತೋರಿಸಿದರು.

ನಿಯಮ ಕಠಿಣವಾಗಿದ್ದರೂ ಅದರ ಹಿಂದಿನ ವಿವೇಕ ಸರಿಯಾದುದೇ. ಕುದುರೆ ದೂರು ಕೊಡಲಾರದು. ತನ್ನ ಮೂಗಿಗೆ ಏನು ಬಿತ್ತು, ಯಾರ ಅಪ್ಪಣೆಯಿಂದ ಬಿತ್ತು ಎಂದು ಅದು ಸಾಕ್ಷಿ ನುಡಿಯಲಾರದು. ಹಾಗಾಗಿ ಅದರ ಪರವಾಗಿ ಉತ್ತರಿಸುವವನೊಬ್ಬ ಇರಲೇಬೇಕು. ಲಾಯದ ಒಳ್ಳೆಯದೆಲ್ಲದರ ಕೀರ್ತಿ ತರಬೇತುದಾರನಿಗೆ ಸಲ್ಲುವುದಾದರೆ ಕೆಟ್ಟದ್ದರ ಭಾರವೂ ಅವನ ಹೆಗಲಿಗೇ ಬೀಳಬೇಕಾದುದು ನ್ಯಾಯ. ಒಂದು ಕುದುರೆಯ ಮುಂದೆ ಗಂಟೆಗಟ್ಟಲೆ ಕೂರಲು ಸಾಧ್ಯವಿದ್ದ ಕಾಲ, ದೊಡ್ಡ ಲಾಯದ ಯಜಮಾನಿಕೆ ಬಂದಾಗ ಸ್ಮಿತ್‌ನ ಕೈಜಾರಿತ್ತು. ಒಂದು ಕಾಲಕ್ಕೆ ಫಿಟ್ಸ್‌ಸಿಮನ್ಸ್ ಇದ್ದ ಜಾಗದಲ್ಲಿ ಈಗ ತಾನೇ ನಿಂತಿದ್ದ.

ಅಮಾನತು ಮುಗಿದ ಮೇಲೆ ಸ್ಮಿತ್ ಮರಳಿದ. 1947ರ ಮೇ 3ರಂದು ಜೆಟ್ ಪೈಲಟ್ ಎಂಬ ಕುದುರೆ ಆತನಿಗೆ ಕೆಂಟಕಿ ಡರ್ಬಿ ಗೆದ್ದುಕೊಟ್ಟಿತು. ತರಬೇತುದಾರನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಕಿರೀಟ ವಿರಳ. ಎರಡು ವಾರಗಳ ನಂತರ, ಮೇ 17ರಂದು, ಹೊವಾರ್ಡ್‌ನ ರಿಜ್‌ವುಡ್ ರಾಂಚ್‌ನಲ್ಲಿ ಸೀಬಿಸ್ಕಿಟ್ ಅಸುನೀಗಿತು. ಹದಿನಾಲ್ಕು ತುಂಬಲು ಆರು ದಿನ ಬಾಕಿಯಿತ್ತು.

ಸ್ಮಿತ್ 1957ರ ಜನವರಿ 23ರಂದು ಕ್ಯಾಲಿಫೋರ್ನಿಯಾದಲ್ಲಿ ಕಣ್ಮುಚ್ಚಿದ. ಮರುವರ್ಷವೇ ಸೀಬಿಸ್ಕಿಟ್ ಮತ್ತು ಫಿಟ್ಸ್‌ಸಿಮನ್ಸ್ ಅಮೆರಿಕದ ರೇಸಿಂಗ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರು. ಸ್ಮಿತ್‌ನ ಹೆಸರು ಅಲ್ಲಿಗೆ ತಲುಪಲು 2001ರವರೆಗೆ ಕಾಯಬೇಕಾಯಿತು. ಅದೇ ವರ್ಷ ಲಾರಾ ಹಿಲೆನ್‌ಬ್ರಾಂಡ್ ಬರೆದ ಪುಸ್ತಕ, 2003ರಲ್ಲಿ ಅದನ್ನು ಆಧರಿಸಿ ಬಂದ ಚಲನಚಿತ್ರ ಆತನನ್ನು ಹೊಸ ತಲೆಮಾರಿಗೆ ಪರಿಚಯಿಸಿದವು.

ಗೆಲುವಿನ ಪಟ್ಟಿಯಲ್ಲಿ ಫಿಟ್ಸ್‌ಸಿಮನ್ಸ್ ಮೇಲಿದ್ದಾನೆ, ಸ್ಮಿತ್ ಬಹಳ ಕೆಳಗಿದ್ದಾನೆ. ಆ ಪಟ್ಟಿ ಸುಳ್ಳಲ್ಲ. ಆದರೆ ಒಂದೇ ಕುದುರೆ ಇಬ್ಬರ ಲಾಯದಲ್ಲೂ ಇತ್ತೆಂಬುದನ್ನು ಅದು ಹೇಳುವುದಿಲ್ಲ. ಒಂದರಲ್ಲಿ ಮೇವು ಬಿಟ್ಟು ಸುತ್ತುತ್ತಿದ್ದುದು ಇನ್ನೊಂದರಲ್ಲಿ ಹಗಲೇರುವವರೆಗೆ ನಿಶ್ಚಿಂತೆಯಿಂದ ಮಲಗುತ್ತಿತ್ತು. ಜಮೈಕಾದ ಕಲೆಯನ್ನು ಸ್ಮಿತ್‌ನ ಹೆಸರಿನಿಂದ ತೊಳೆಯಬೇಕಾಗಿಯೂ ಇಲ್ಲ, ಅದೊಂದರಿಂದಲೇ ಆತನನ್ನು ಅಳೆಯಬೇಕಾಗಿಯೂ ಇಲ್ಲ. ತರಬೇತುದಾರರ ಸಾಧನೆ ಓದುವಾಗ ಎಷ್ಟು ಗೆದ್ದ ಎಂಬುದರ ಪಕ್ಕದಲ್ಲಿ, ಎಷ್ಟು ಬಾರಿ ಓಡಿಸಲು ಒಪ್ಪಲಿಲ್ಲ ಎಂಬ ಇನ್ನೊಂದು ಅಂಕಣವೂ ಇದ್ದಿದ್ದರೆ ಮೌನಿ ಟಾಮ್‌ನ ಸ್ಥಾನ ಬೇರೆಯೇ ಆಗಿರುತ್ತಿತ್ತು.