ದೀಪ ಎಲ್ಲರಿಗೂ ಗೊತ್ತು, ಲೆಕ್ಕದ ಪುಸ್ತಕ?

ಫ್ಲಾರೆನ್ಸ್ ನೈಟಿಂಗೇಲ್ ಅಂದ ತಕ್ಷಣ ನಮ್ಮೆಲ್ಲರ ತಲೆಗೆ ಬರೋದು ಒಂದೇ ಚಿತ್ರ. ತಲೆಗೆ ಬಿಳಿ ಬಟ್ಟೆ, ಕೈಯಲ್ಲಿ ದೀಪ, ಸುತ್ತ ಗಾಯಾಳು ಸೈನಿಕರು. ಪ್ರೈಮರಿ ಸ್ಕೂಲಿನ ಫ್ಯಾನ್ಸಿ ಡ್ರೆಸ್ ಸ್ಪರ್ಧೆಯಲ್ಲಿ ಯಾರಾದರೊಬ್ಬರು ಈ ವೇಷ ಹಾಕಿಯೇ ಹಾಕ್ತಾರೆ. ಆದರೆ ಇದೇ ನೈಟಿಂಗೇಲ್ ಅವರು ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಮೊದಲ ಮಹಿಳಾ ಸದಸ್ಯೆ ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಬೀದಿಯ ಚರಂಡಿ, ಕಿಟಕಿಯ ಗಾಳಿ, ನೀರಿನ ಪೈಪು, ಸಾವಿನ ಅಂಕಿ, ಇವೆಲ್ಲ ನರ್ಸಿಂಗ್‌ಗೆ ಸೇರಿದ ವಿಷಯ ಅಂತ ಜಗತ್ತಿಗೆ ಒಪ್ಪಿಸಿದವರು ಅವರು. ಎಂಜಿನಿಯರಿಂಗ್ ಓದೋ ನಾವು ಅವರ ಬದುಕನ್ನು ಒಮ್ಮೆ ತಿರುವಿ ನೋಡೋದಕ್ಕೆ ಇಷ್ಟು ಕಾರಣ ಸಾಕು. ಇನ್ನೊಂದು ಕಾರಣವೂ ಇದೆ. ಒಂದು ಕೆಲಸವನ್ನು ಜನ ಕೀಳು ಅಂತ ನೋಡ್ತಿದ್ದಾಗ ಅದಕ್ಕೆ ಗೌರವ ಬರೋದು ಹೇಗೆ ಅನ್ನೋ ಪ್ರಶ್ನೆಗೆ ಅವರ ಜೀವನದಲ್ಲಿ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಬೇರೆಯವರ ಕೈಯಿಂದ ಬರಬೇಕಾಯಿತು.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿಗೂ ಬಂತು. ಅಕ್ಕ ಹುಟ್ಟಿದ್ದು ನೇಪಲ್ಸ್‌ನಲ್ಲಿ, ಹಾಗಾಗಿ ಆ ಊರಿನ ಹಳೆಯ ಗ್ರೀಕ್ ಹೆಸರಾದ ಪಾರ್ಥೆನೋಪೆ ಅನ್ನೋದೇ ಅವಳ ಹೆಸರಾಯಿತು. ಮನೆಯವರು ಭಾರಿ ಶ್ರೀಮಂತರು, ಇಂಗ್ಲೆಂಡಿನಲ್ಲಿ ಎರಡು ದೊಡ್ಡ ಬಂಗಲೆಗಳಿದ್ದವು. ತಂದೆ ವಿಲಿಯಂ ತಮ್ಮ ಹೆಣ್ಣುಮಕ್ಕಳಿಗೆ ತಾವೇ ಗ್ರೀಕ್, ಲ್ಯಾಟಿನ್, ಇತಿಹಾಸ ಎಲ್ಲ ಕಲಿಸಿದರು. ಫ್ಲಾರೆನ್ಸ್‌ಗೆ ಇಷ್ಟವಾದದ್ದು ಗಣಿತ. ಅಮ್ಮನಿಗೆ ಮಾತ್ರ ಇದ್ದ ಆಸೆ ಒಂದೇ, ಮಗಳಿಗೆ ಒಳ್ಳೆ ಕಡೆ ಮದುವೆ ಆಗಬೇಕು.

ಹದಿನಾರನೇ ವಯಸ್ಸಿನಲ್ಲಿ, 1837ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಅಂತ ಅವರಿಗೆ ಅನ್ನಿಸಿತು. ಯಾವ ಸೇವೆ ಅನ್ನೋದು ಸ್ಪಷ್ಟವಾಗಲು ಹಲವು ವರ್ಷ ಬೇಕಾಯಿತು. 1845ರಲ್ಲಿ, ಹತ್ತಿರದ ಸಾಲಿಸ್ಬರಿ ಆಸ್ಪತ್ರೆಯಲ್ಲಿ ಕೆಲವು ತಿಂಗಳು ರೋಗಿಗಳ ಆರೈಕೆ ಕಲೀತೀನಿ ಅಂತ ಮನೆಯಲ್ಲಿ ಕೇಳಿದಾಗ ಮನೆಯೇ ನಡುಗಿಹೋಯಿತು. ಮಗಳು ಮನೆಗೆಲಸದವಳಾಗಿ ಹೋಗ್ತೀನಿ ಅಂದಿದ್ದರೂ ಅಷ್ಟು ಗಲಾಟೆ ಆಗ್ತಿರಲಿಲ್ಲವೇನೋ.

ಮನೆಯವರನ್ನು ಸುಮ್ಮನೆ ಬೈದು ಪ್ರಯೋಜನವಿಲ್ಲ. ಆಗಿನ ಆಸ್ಪತ್ರೆ ಅಂದ್ರೆ ಬಡವರು ಹೋಗೋ ಜಾಗ. ದುಡ್ಡಿದ್ದವರಿಗೆ ಡಾಕ್ಟರು ಮನೆಗೇ ಬರ್ತಿದ್ದರು. ವಾರ್ಡುಗಳು ಗಬ್ಬು ನಾರುತ್ತಿದ್ದವು. ಅಲ್ಲಿ ನರ್ಸ್ ಆಗಿ ಇರುತ್ತಿದ್ದವರು ಬೇರೆಲ್ಲೂ ಕೆಲಸ ಸಿಗದ ಬಡ ಹೆಂಗಸರು. ತರಬೇತಿ ಇಲ್ಲ, ಸರಿಯಾದ ಸಂಬಳ ಇಲ್ಲ, ಮಲಗೋದಕ್ಕೆ ಬೇರೆ ಕೋಣೆ ಇಲ್ಲ. ಕುಡಿತದ ಅಪವಾದ ಅವರ ಬೆನ್ನಿಗೇ ಅಂಟಿತ್ತು. ಚಾರ್ಲ್ಸ್ ಡಿಕನ್ಸ್ ತಮ್ಮ ಮಾರ್ಟಿನ್ ಚಜಲ್‌ವಿಟ್ ಕಾದಂಬರಿಯಲ್ಲಿ ಸೇರಿ ಗ್ಯಾಂಪ್ ಅನ್ನೋ ಕುಡುಕಿ ನರ್ಸ್ ಒಬ್ಬಳನ್ನು ಸೃಷ್ಟಿಸಿದರು. ಆ ಪಾತ್ರ ಎಷ್ಟು ಫೇಮಸ್ ಆಯಿತು ಅಂದ್ರೆ, ಅವಳು ಹಿಡಿದು ಓಡಾಡುತ್ತಿದ್ದ ಕೊಡೆಯಿಂದಾಗಿ ಇಂಗ್ಲೆಂಡಿನಲ್ಲಿ ಕೊಡೆಗೇ ಗ್ಯಾಂಪ್ ಅನ್ನೋ ಅಡ್ಡಹೆಸರು ಬಂತು. ಓದುಗರು ಹೊಟ್ಟೆ ಹಿಡ್ಕೊಂಡು ನಕ್ಕರು. ಆ ಹೆಂಗಸರು ಯಾಕೆ ಹಾಗಿದ್ದರು, ಅವರಿಗೆ ಕಲಿಸಿದವರು ಯಾರು ಅಂತ ಕೇಳಿದವರು ಕಡಿಮೆ.

ನೈಟಿಂಗೇಲ್ ಅವರು ಕೇಳಿದರು. ಆಸ್ಪತ್ರೆಗೆ ಹೋಗೋದಕ್ಕೆ ಬಿಡದಿದ್ದಾಗ ಬೆಳಗಿನ ಜಾವ ಎದ್ದು, ಮೇಣದ ಬತ್ತಿ ಹಚ್ಚಿ, ಆಸ್ಪತ್ರೆಗಳ ವರದಿಗಳನ್ನು ತರಿಸಿ ಓದತೊಡಗಿದರು. ಅಂಕಿಅಂಶಗಳನ್ನು ಪುಸ್ತಕದ ಮೇಲೆ ಪುಸ್ತಕ ತುಂಬಿಸಿದರು. ವರ್ಷಗಟ್ಟಲೆ ಕಾದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅನ್ನೋ ಸಾಹಿತಿಯ ಮದುವೆ ಪ್ರಸ್ತಾಪಕ್ಕೆ ಇಲ್ಲ ಅಂದರು. 1851ರಲ್ಲಿ, ಮೂವತ್ತೊಂದನೇ ವಯಸ್ಸಿಗೆ, ಕೊನೆಗೂ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿದ್ದ ಒಂದು ಧಾರ್ಮಿಕ ಸಂಸ್ಥೆಯ ಆಸ್ಪತ್ರೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು.

1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಮಹಿಳೆಯರಿಗಾಗಿ ಇದ್ದ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದರು. ಅಲ್ಲಿ ಅವರು ಮೊದಲು ಕೇಳಿದ್ದೇನು ಗೊತ್ತಾ? ಪ್ರತಿ ಮಹಡಿಗೂ ಪೈಪಿನಲ್ಲಿ ಬಿಸಿನೀರು. ಅಡುಗೆಮನೆಯಿಂದ ಊಟ ಮೇಲೆ ಬರೋದಕ್ಕೆ ಹಗ್ಗದ ಲಿಫ್ಟು. ಯಾವ ರೋಗಿ ಗಂಟೆ ಬಾರಿಸಿದರು ಅಂತ ನರ್ಸ್‌ಗೆ ಕೂತಲ್ಲೇ ಗೊತ್ತಾಗೋ ವ್ಯವಸ್ಥೆ. ನರ್ಸ್ ದಿನವಿಡೀ ಮೆಟ್ಟಿಲು ಹತ್ತಿ ಇಳಿದರೆ ರೋಗಿಯನ್ನು ನೋಡೋದು ಯಾವಾಗ ಅನ್ನೋದು ಅವರ ಲೆಕ್ಕ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸಿಸ್ಟಂ ಡಿಸೈನ್.

ಆಮೇಲೆ ಬಂತು ಕ್ರಿಮಿಯಾ ಯುದ್ಧ. ರಷ್ಯಾ ವಿರುದ್ಧ ಹೋರಾಡಲು ಹೋದ ಬ್ರಿಟಿಷ್ ಸೈನಿಕರು ಆರೈಕೆ ಇಲ್ಲದೆ ಸಾಯುತ್ತಿದ್ದಾರೆ ಅಂತ 1854ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ವರದಿಗಳು ಬಂದವು. ಸರ್ಕಾರದಲ್ಲಿದ್ದ ಸಿಡ್ನಿ ಹರ್ಬರ್ಟ್ ಅವರಿಗೆ ನೈಟಿಂಗೇಲ್ ಪರಿಚಿತರು. 38 ನರ್ಸ್‌ಗಳ ತಂಡ ಅಕ್ಟೋಬರ್ 21ಕ್ಕೆ ಹೊರಟು, ನವೆಂಬರ್ 4ಕ್ಕೆ ಈಗಿನ ಇಸ್ತಾಂಬುಲ್‌ನ ಎದುರು ದಡದ ಸ್ಕುಟಾರಿ ತಲುಪಿತು. ತಂಡದಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರೂ ಇದ್ದರು, ಸಂಬಳಕ್ಕೆ ಬಂದ ಆಸ್ಪತ್ರೆಯ ನರ್ಸ್‌ಗಳೂ ಇದ್ದರು.

ಸೇನೆಯ ಡಾಕ್ಟರುಗಳಿಗೆ ಇವರು ಬಂದದ್ದೇ ಇಷ್ಟವಾಗಲಿಲ್ಲ. ನೈಟಿಂಗೇಲ್ ಜಗಳಕ್ಕೆ ಹೋಗಲಿಲ್ಲ. ಡಾಕ್ಟರು ಕರೆಯುವವರೆಗೆ ಯಾರೂ ವಾರ್ಡಿಗೆ ಕಾಲಿಡಬಾರದು ಅಂತ ತಮ್ಮ ತಂಡಕ್ಕೇ ಕಟ್ಟಪ್ಪಣೆ ಮಾಡಿದರು. ಇಂಕರ್‌ಮನ್ ಕದನದ ಗಾಯಾಳುಗಳು ರಾಶಿ ರಾಶಿ ಬಂದು ಬಿದ್ದಾಗ ಕರೆ ತಾನಾಗಿಯೇ ಬಂತು. ರಾತ್ರಿ ಎಂಟರ ನಂತರ ವಾರ್ಡಿನಲ್ಲಿ ಬೇರೆ ನರ್ಸ್‌ಗಳು ಇರಬಾರದು ಅನ್ನೋದು ಇನ್ನೊಂದು ನಿಯಮ. ಗಂಡಸರ ನಡುವೆ ರಾತ್ರಿ ಕೆಲಸ ಮಾಡೋ ಹೆಣ್ಣಿನ ಬಗ್ಗೆ ಊರು ಏನು ಮಾತಾಡುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿಯೇ ಮೈಲುಗಟ್ಟಲೆ ಹಾಸಿಗೆಗಳ ಸಾಲಿನ ನಡುವೆ ರಾತ್ರಿ ಅವರೊಬ್ಬರೇ ಲಾಟೀನು ಹಿಡಿದು ನಡೆಯುತ್ತಿದ್ದರು. ಇಂದು ನಾವು ಕರುಣೆಯ ಸಂಕೇತ ಅಂತ ನೋಡೋ ಆ ಚಿತ್ರದ ಹಿಂದೆ ಅಪವಾದದ ಭಯವೂ ಇತ್ತು ಅನ್ನೋದನ್ನು ಮರೆಯಬಾರದು. ಅಂದಹಾಗೆ, ಆ ದೀಪ ಚಿತ್ರಗಳಲ್ಲಿ ತೋರಿಸೋ ಅಲ್ಲಾದೀನನ ದೀಪದಂಥದ್ದಲ್ಲ, ಮಡಚಬಹುದಾದ ಟರ್ಕಿಯ ಲಾಟೀನು.

ಕಥೆಯ ಮುಖ್ಯ ತಿರುವು ಇಲ್ಲಿದೆ. ನರ್ಸ್‌ಗಳು ಬಂದ ಮೇಲೂ ಸಾವು ಕಡಿಮೆಯಾಗಲಿಲ್ಲ. ಚಳಿಗಾಲದಲ್ಲಿ ಇನ್ನೂ ಏರಿತು. 1855ರ ಫೆಬ್ರವರಿಯಲ್ಲಿ ಚಿಕಿತ್ಸೆಗೆ ಬಂದ ಪ್ರತಿ 100 ಜನರಲ್ಲಿ 42 ಜನ ಸಾಯುತ್ತಿದ್ದರು. ಮಾರ್ಚ್‌ನಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಬಂತು. ಅದರಲ್ಲಿ ಡಾಕ್ಟರ್ ಜಾನ್ ಸದರ್ಲೆಂಡ್ ಜೊತೆ ರಾಬರ್ಟ್ ರಾಲಿನ್‌ಸನ್ ಅನ್ನೋ ಸಿವಿಲ್ ಎಂಜಿನಿಯರ್ ಇದ್ದರು. ಆಸ್ಪತ್ರೆಯ ಕಟ್ಟಡ ನಿಂತಿದ್ದದ್ದು ಕಟ್ಟಿಕೊಂಡ ಚರಂಡಿಗಳ ಮೇಲೆ. ಅವನ್ನು ತೊಳೆಸಿದರು, ಸತ್ತ ಪ್ರಾಣಿಗಳನ್ನು ಎತ್ತಿಸಿದರು, ನೀರು ಬರೋ ದಾರಿ ಸರಿಮಾಡಿದರು, ಗಾಳಿ ಆಡೋ ಹಾಗೆ ಮಾಡಿದರು, ಗೋಡೆಗೆ ಸುಣ್ಣ ಬಳಿಸಿದರು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

1856ರ ಆಗಸ್ಟ್‌ನಲ್ಲಿ ಊರಿಗೆ ಬಂದಾಗ ಬ್ಯಾಂಡು, ಮೆರವಣಿಗೆ ತಪ್ಪಿಸಿಕೊಳ್ಳಲು ಮಿಸ್ ಸ್ಮಿತ್ ಅನ್ನೋ ಹೆಸರಲ್ಲಿ ಪ್ರಯಾಣ ಮಾಡಿದರು. ಯುದ್ಧಭೂಮಿಯಲ್ಲಿ ತಗುಲಿದ ಜ್ವರ ಅವರನ್ನು ಬಹುಕಾಲ ಹಾಸಿಗೆಗೆ ಕಟ್ಟಿಹಾಕಿತು. ಹಾಸಿಗೆಯಲ್ಲಿದ್ದುಕೊಂಡೇ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಸೇರಿ ಸಾವುಗಳ ಲೆಕ್ಕ ತೆಗೆದರು. ಬಹುಪಾಲು ಸೈನಿಕರನ್ನು ಕೊಂದದ್ದು ಗುಂಡಲ್ಲ, ತಡೆಯಬಹುದಾಗಿದ್ದ ರೋಗಗಳು ಅನ್ನೋದು ಅಂಕಿಗಳಿಂದ ಎದ್ದು ಕಂಡಿತು. ಉದ್ದುದ್ದ ಟೇಬಲ್‌ಗಳನ್ನು ಮಂತ್ರಿಗಳು ಓದಲ್ಲ ಅಂತ ಗೊತ್ತಿದ್ದರಿಂದ 1858ರಲ್ಲಿ ಹೂವಿನ ದಳಗಳಂತೆ ಕಾಣೋ ಪೋಲಾರ್ ಏರಿಯಾ ಚಿತ್ರ ಬಿಡಿಸಿದರು. ಒಂದೊಂದು ತಿಂಗಳಿಗೆ ಒಂದೊಂದು ದಳ. ನೀಲಿ ಅಂದ್ರೆ ತಡೆಯಬಹುದಾದ ರೋಗ, ಕೆಂಪು ಅಂದ್ರೆ ಗಾಯ, ಕಪ್ಪು ಅಂದ್ರೆ ಇತರ ಕಾರಣ. ಸಾವಿನ ಪ್ರಮಾಣವನ್ನು ಹೇಳೋದು ದಳದ ವಿಸ್ತೀರ್ಣ, ಹಾಗಾಗಿ ತ್ರಿಜ್ಯ ಅದರ ವರ್ಗಮೂಲಕ್ಕೆ ತಕ್ಕಂತೆ ಇರಬೇಕು. ನಮ್ಮ ಲ್ಯಾಬ್ ರಿಪೋರ್ಟ್‌ಗಳಲ್ಲಿ ಎಕ್ಸೆಲ್ ಮಾಡಿಕೊಡೋ ಕೆಲಸವನ್ನು ಅವರು ಕೈಯಲ್ಲೇ ಲೆಕ್ಕ ಹಾಕಿ ಮಾಡಿಸಿದ್ದರು. ಆ ಚಿತ್ರದಲ್ಲಿ ನೀಲಿಯೇ ನೀಲಿ.

ಈ ಅನುಭವದಿಂದಲೇ ನರ್ಸ್ ಅಂದರೆ ಯಾರು ಅನ್ನೋದಕ್ಕೆ ಅವರ ಉತ್ತರ ಗಟ್ಟಿಯಾಯಿತು. ಒಳ್ಳೆಯ ಮನಸ್ಸಿದ್ದರೆ ಸಾಲದು. ಗಾಳಿ, ನೀರು, ಆಹಾರ, ಶುಚಿತ್ವ ಇವುಗಳ ಕೆಲಸ ಗೊತ್ತಿರಬೇಕು, ರೋಗಿಯನ್ನು ಗಮನಿಸಿ ಬರೆದಿಡೋದು ಗೊತ್ತಿರಬೇಕು. ಅಂದ್ರೆ ಇದು ಕಲಿಯಬೇಕಾದ ವಿದ್ಯೆ. ಜನ ಅವರ ಹೆಸರಲ್ಲಿ ಕೂಡಿಸಿದ 40 ಸಾವಿರ ಪೌಂಡ್‌ಗೂ ಹೆಚ್ಚಿನ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ, ಇರೋದಕ್ಕೆ ಕೋಣೆ, ಸಮವಸ್ತ್ರ, ಕೈಗೆ ಸ್ವಲ್ಪ ಹಣ, ಉಪನ್ಯಾಸಗಳು. ಆರೈಕೆಯ ಗುಣದ ಜೊತೆ ನಡತೆಗೂ ಪ್ರತಿ ತಿಂಗಳು ವರದಿ. ಸೇರಿ ಗ್ಯಾಂಪ್‌ಳ ನೆರಳು ಅಳಿಸಬೇಕಿತ್ತಲ್ಲ! ಇಲ್ಲಿ ಕಲಿತ ಲೂಸಿ ಆಸ್‌ಬರ್ನ್ 1868ರಲ್ಲಿ ಸಿಡ್ನಿಗೆ ತಂಡ ಕಟ್ಟಿಕೊಂಡು ಹೋದರು. ಹತ್ತಾರು ವರ್ಷಗಳಲ್ಲಿ ನರ್ಸಿಂಗ್ ಅನ್ನೋದು ಓದಿದ ಹೆಣ್ಣುಮಕ್ಕಳು ತಲೆಯೆತ್ತಿ ಮಾಡಬಹುದಾದ ಕೆಲಸವಾಯಿತು.

ನಮ್ಮ ದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿದ್ದ ಬ್ರಿಟಿಷ್ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದಾಗ, 1859ರಲ್ಲಿ ನೇಮಕವಾದ ಆಯೋಗದ ಹಿಂದೆ ನಿಂತು ದುಡಿದರು. ಇಲ್ಲಿನ ದಂಡು ಪ್ರದೇಶಗಳಿಂದ ನೀರು, ಚರಂಡಿ, ಆಸ್ಪತ್ರೆಗಳ ಮಾಹಿತಿ ತರಿಸಿಕೊಂಡರು. ಆಗ ಬೆಂಗಳೂರೂ ಒಂದು ದೊಡ್ಡ ದಂಡು. ಆಮೇಲೆ ಅವರ ಗಮನ ಸೈನಿಕರಿಂದ ಹಳ್ಳಿಗಳ ನೀರು, ನೀರಾವರಿ, ಬರಗಾಲದ ಕಡೆಗೂ ಹೊರಳಿತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೆರಡು ಮಾತು ಹೇಳದಿದ್ದರೆ ಲೇಖನ ಬರೀ ಹೊಗಳಿಕೆ ಆಗಿಬಿಡುತ್ತೆ. ಒಂದು, ಗೌರವ ಎಲ್ಲರಿಗೂ ಸಮನಾಗಿ ಸಿಗಲಿಲ್ಲ. ಜಮೈಕಾದ ಮೇರಿ ಸೀಕೋಲ್ ಅವರೂ ಅದೇ ಯುದ್ಧದಲ್ಲಿ ಸೇವೆ ಮಾಡಲು ಲಂಡನ್ನಿನಲ್ಲಿ ಅರ್ಜಿ ಹಾಕಿದ್ದರು, ಅವರನ್ನು ತೆಗೆದುಕೊಳ್ಳಲಿಲ್ಲ. ಸ್ವಂತ ದುಡ್ಡಲ್ಲಿ ಹೋಗಿ ಬಾಲಕ್ಲಾವಾ ಬಳಿ ಸೈನಿಕರನ್ನು ನೋಡಿಕೊಂಡ ಅವರಿಗೆ ಸೇಂಟ್ ಥಾಮಸ್ ಆಸ್ಪತ್ರೆಯ ಅಂಗಳದಲ್ಲಿ ಪ್ರತಿಮೆ ನಿಂತಿದ್ದು 2016ರಲ್ಲಿ.

ಎರಡನೆಯದು ನಮಗೆ ಹೆಚ್ಚು ಆಶ್ಚರ್ಯ ತಂದ ಸಂಗತಿ. ನರ್ಸ್‌ಗಳಿಗೆ ಪರೀಕ್ಷೆ ಇಟ್ಟು, ಪಾಸಾದವರ ಹೆಸರನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಸೇರಿಸಬೇಕು ಅಂತ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ 1887ರಲ್ಲಿ ಸಂಘ ಕಟ್ಟಿ ಹೋರಾಡಿದಾಗ, ಅದನ್ನು ವಿರೋಧಿಸಿದವರಲ್ಲಿ ನೈಟಿಂಗೇಲ್ ಅವರೇ ಪ್ರಮುಖರು. ಒಳ್ಳೆಯ ನರ್ಸ್‌ನ ಗುಣ ಪರೀಕ್ಷೆಯಲ್ಲಿ ಅಳೆಯೋಕಾಗಲ್ಲ ಅನ್ನೋದು ಅವರ ವಾದ. ಇಂಟರ್ನಲ್ಸ್, ಸೆಮಿಸ್ಟರ್ ಎಕ್ಸಾಮ್ ಬರೆದು ಬರೆದು ಸುಸ್ತಾದ ನಮಗೆ ಈ ವಾದ ತಕ್ಷಣ ಹಿಡಿಸುತ್ತೆ. ಆದರೆ ಫೆನ್ವಿಕ್ ಅವರ ಮಾತಿನಲ್ಲೂ ನ್ಯಾಯವಿತ್ತು. ರಿಜಿಸ್ಟರ್ ಇಲ್ಲದಿದ್ದರೆ ಯಾರು ಬೇಕಾದರೂ ನಾನೂ ನರ್ಸ್ ಅನ್ನಬಹುದು, ಆಗ ಕಲಿತವರಿಗೂ ಕಲಿಯದವರಿಗೂ ಒಂದೇ ಬೆಲೆ. ಬ್ರಿಟನ್ನಿನಲ್ಲಿ ಆ ಕಾನೂನು ಬಂದದ್ದು 1919ರಲ್ಲಿ. ರಿಜಿಸ್ಟರಿನ ಮೊದಲ ಹೆಸರು ಫೆನ್ವಿಕ್ ಅವರದ್ದು. ಭಾರತದಲ್ಲಿ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದದ್ದು 1947ರಲ್ಲಿ.

ನೈಟಿಂಗೇಲ್ ಅವರು 1907ರಲ್ಲಿ ಆರ್ಡರ್ ಆಫ್ ಮೆರಿಟ್ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡೋಣ ಅಂದರೆ ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲೋ ಎಂಬ ಹಳ್ಳಿಯ ಚರ್ಚಿನಲ್ಲಿ ಕುಟುಂಬದ ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರಿನ ಎರಡು ಅಕ್ಷರ, ಹುಟ್ಟಿದ ದಿನ, ಸತ್ತ ದಿನ. ಅಷ್ಟೇ.

ಅವರ ಹುಟ್ಟುಹಬ್ಬವನ್ನೇ ನಾವು ದಾದಿಯರ ದಿನ ಅಂತ ಆಚರಿಸುತ್ತೇವೆ. ಅವರ 200ನೇ ಹುಟ್ಟುಹಬ್ಬದ ವರ್ಷವೇ ಕೋವಿಡ್ ಬಂತು. 2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರ್‌ಗಳು ದೇಶದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿಸಿದವು. ನೋಡೋದಕ್ಕೆ ಚೆಂದವಿತ್ತು. ಆದರೆ ತ್ಯಾಗಮಯಿ, ದೇವತೆ ಅಂತ ಹೊಗಳೋದರಲ್ಲಿ ಒಂದು ಸಣ್ಣ ಮೋಸ ಅಡಗಿದೆ. ದೇವತೆಗೆ ಸಂಬಳ ಕೇಳೋ ಹಕ್ಕಿಲ್ಲ, ರಜೆ ಬೇಕಿಲ್ಲ, ಒಂದು ವಾರ್ಡಿಗೆ ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕವೂ ಬೇಕಿಲ್ಲ. ನೈಟಿಂಗೇಲ್ ಅವರು ಜೀವನಪೂರ್ತಿ ಕೇಳಿದ್ದು ಇಂಥ ಲೆಕ್ಕಗಳನ್ನೇ. ಎಷ್ಟು ಹಾಸಿಗೆ, ಎಷ್ಟು ಗಾಳಿ, ಎಷ್ಟು ನೀರು, ಎಷ್ಟು ಸಾವು.

ನಮ್ಮಲ್ಲಿ ಇವತ್ತಿಗೂ ಡಾಕ್ಟರನ್ನು ಸರ್, ಮೇಡಂ ಅಂತೀವಿ. ಡ್ರಿಪ್ ಹಾಕಿ, ರಾತ್ರಿಯೆಲ್ಲ ಬಿಪಿ ನೋಡಿ ಚಾರ್ಟಿನಲ್ಲಿ ಬರೆಯೋರನ್ನು ಹೆಸರೂ ಕೇಳದೆ ಚಿಟಿಕೆ ಹೊಡೆದು ಕರೀತೀವಿ. ನಾಲ್ಕು ವರ್ಷ ಬಿಎಸ್ಸಿ ನರ್ಸಿಂಗ್ ಓದೋದು ನಮ್ಮ ಬಿಇ ಓದಿದಷ್ಟೇ ವರ್ಷ ಅನ್ನೋದನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. ಮುಂದಿನ ಮೇ 12ಕ್ಕೆ ದೀಪದ ಫೋಟೋ ಸ್ಟೇಟಸ್ ಹಾಕೋರು ಹಾಕಲಿ. ಅದರ ಪಕ್ಕದಲ್ಲೇ ಆ ನೀಲಿ ದಳಗಳ ಚಿತ್ರವನ್ನೂ ಹಾಕೋಣ. ಆಸ್ಪತ್ರೆಗೆ ಹೋದಾಗ ಎದುರಿಗಿರೋರ ಎದೆ ಮೇಲಿನ ಬ್ಯಾಡ್ಜ್‌ನಲ್ಲಿರೋ ಹೆಸರು ಓದಿ, ಆ ಹೆಸರಿಂದಲೇ ಮಾತಾಡಿಸೋಣ.