ಬಿಳಿ ಹಕ್ಕಿಗಳ ಬೆನ್ನು ಹತ್ತಿದ ಪಾದ್ರಿ ಗಿಲ್ಬರ್ಟ್ ವೈಟ್

ಕಪ್ಪಾಗಿರಬೇಕಾದ ಹಕ್ಕಿಯೊಂದು ಹಾಲಿನಂತೆ ಬೆಳ್ಳಗಿದ್ದರೆ ಅದನ್ನು ಗುರುತಿಸುವ ಬಗೆ ಯಾವುದು? ಪಕ್ಷಿವೀಕ್ಷಕರನ್ನು ಇಂದಿಗೂ ಗೊಂದಲಕ್ಕೆ ಕೆಡಹುವ ಈ ಪ್ರಶ್ನೆಯನ್ನು ಎರಡೂವರೆ ಶತಮಾನಗಳ ಹಿಂದೆಯೇ ಗಂಭೀರವಾಗಿ ಪರಿಶೀಲಿಸಿದವರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾದ್ರಿ ಗಿಲ್ಬರ್ಟ್ ವೈಟ್ ಒಬ್ಬರು.

ವೈಟ್ ಜನಿಸಿದ್ದು 1720ರ ಜುಲೈ 18ರಂದು, ಹ್ಯಾಂಪ್‌ಶೈರ್ ಪ್ರಾಂತದ ಸೆಲ್ಬೋರ್ನ್ ಗ್ರಾಮದಲ್ಲಿ. ಅವರ ಅಜ್ಜ ಆ ಊರಿನ ಚರ್ಚಿನ ಪಾದ್ರಿಯಾಗಿದ್ದರು. ಆಕ್ಸ್‌ಫರ್ಡ್‌ನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗ ಮುಗಿಸಿದ ವೈಟ್, 1744ರಲ್ಲಿ ಅಲ್ಲಿನ ಫೆಲೋ ಆಗಿ ಆಯ್ಕೆಯಾದರು. ಆದರೆ ಸೆಲ್ಬೋರ್ನ್ ಚರ್ಚಿನ ಮುಖ್ಯ ಪಾದ್ರಿಯನ್ನು ನೇಮಿಸುವ ಅಧಿಕಾರ ಮ್ಯಾಗ್ಡಲೆನ್ ಕಾಲೇಜಿನದಾಗಿತ್ತು. ಹೀಗಾಗಿ ಹುಟ್ಟೂರಿನಲ್ಲಿ ಸಹಾಯಕ ಪಾದ್ರಿಯ ಹುದ್ದೆಗಿಂತ ಮೇಲೇರುವ ಅವಕಾಶ ಅವರಿಗೆ ದೊರೆಯಲಿಲ್ಲ. ಅದಕ್ಕಾಗಿ ಅವರು ಊರು ಬಿಡಲಿಲ್ಲ. ಅವಿವಾಹಿತರಾಗಿಯೇ ಉಳಿದು, ‘ದಿ ವೇಕ್ಸ್’ ಎಂಬ ಮನೆಯಲ್ಲಿ ನೆಲೆಸಿ, ತೋಟ, ಬೆಟ್ಟ, ಹೊಲಗಳಲ್ಲಿ ಕಂಡದ್ದನ್ನು ದಶಕಗಳ ಕಾಲ ದಿನಚರಿಯಲ್ಲಿ ಬರೆದಿಟ್ಟರು.

ಸತ್ತ ಹಕ್ಕಿಯನ್ನು ಮೇಜಿನ ಮೇಲಿಟ್ಟು ಅಭ್ಯಸಿಸುವುದೇ ರೂಢಿಯಾಗಿದ್ದ ಕಾಲವದು. ವೈಟ್ ಜೀವಂತ ಹಕ್ಕಿಯ ನಡೆ, ದನಿಗಳಿಗೆ ಮಹತ್ವ ನೀಡಿದರು. ನೋಟಕ್ಕೆ ಒಂದೇ ತೆರನಾಗಿ ಕಾಣುವ ಮೂರು ಪುಟ್ಟ ಉಲಿಯಕ್ಕಿಗಳು ಬೇರೆ ಬೇರೆ ಪ್ರಭೇದಗಳೆಂಬುದನ್ನು ಅವುಗಳ ಹಾಡಿನ ವ್ಯತ್ಯಾಸ ಹಿಡಿದು ತೋರಿಸಿಕೊಟ್ಟರು.

ಪ್ರಾಣಿಶಾಸ್ತ್ರಜ್ಞ ಥಾಮಸ್ ಪೆನ್ನಂಟ್ ಅವರಿಗೆ 1768ರ ಮಾರ್ಚ್‌ನಲ್ಲಿ ಬರೆದ ಪತ್ರದಲ್ಲಿ ಅಸಹಜ ಬಣ್ಣದ ಹಕ್ಕಿಗಳ ಪ್ರಸ್ತಾಪವಿದೆ. ನೆರೆಯ ಶ್ರೀಮಂತರೊಬ್ಬರ ಮರಗಳಲ್ಲಿ, ಕಾಗೆಯ ಕುಲಕ್ಕೆ ಸೇರಿದ ರೂಕ್ ಹಕ್ಕಿಯ ಒಂದೇ ಗೂಡಿನಲ್ಲಿ ಎರಡು ಅಚ್ಚ ಬಿಳಿಯ ಮರಿಗಳಿದ್ದವು. ರೆಕ್ಕೆ ಬಲಿಯುವ ಮೊದಲೇ ಗಾಡಿ ಹೊಡೆಯುವವನೊಬ್ಬ ಅವನ್ನು ಕೆಳಕ್ಕೆಸೆದು ಕೊಂದುಬಿಟ್ಟ. ಈ ಅಪರೂಪದ ಹಕ್ಕಿಗಳನ್ನು ಉಳಿಸಿಕೊಳ್ಳುವ ಆಸೆಯಿದ್ದ ಮಾಲೀಕರಿಗೆ ಉಳಿದದ್ದು ವ್ಯಥೆ ಮಾತ್ರ. ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗಿಸಿದ್ದ ಆ ಮರಿಗಳನ್ನು ವೈಟ್ ಸ್ವತಃ ಹೋಗಿ ಪರೀಕ್ಷಿಸಿದರು. ಗರಿಗಳಷ್ಟೇ ಅಲ್ಲ, ಕೊಕ್ಕು, ಕಾಲು, ಉಗುರುಗಳೂ ಬಿಳಿಯಾಗಿದ್ದುದನ್ನು ಕಂಡು ಬೆರಗಾಗಿ ದಾಖಲಿಸಿದರು.

ಕಣ್ಣಿನ ಬಣ್ಣದ ಬಗ್ಗೆ ಮಾತ್ರ ಪತ್ರ ಏನನ್ನೂ ಹೇಳುವುದಿಲ್ಲ. ಇಂದಿನ ವಿಜ್ಞಾನಕ್ಕೆ ಅದೇ ಮುಖ್ಯ ಸುಳಿವು. ಮೆಲನಿನ್ ಎಂಬ ವರ್ಣದ್ರವ್ಯ ಕಣ್ಣಿನಲ್ಲೂ ಇಲ್ಲದೆ, ರಕ್ತನಾಳಗಳ ಕೆಂಪು ಹೊರಗೆ ತೋರಿದರೆ ಅದು ಆಲ್ಬಿನೊ. ಗರಿಗಳು ಬೆಳ್ಳಗಿದ್ದು ಕಣ್ಣು ಕಪ್ಪಗಿದ್ದರೆ, ವರ್ಣಕೋಶಗಳು ಚರ್ಮವನ್ನು ತಲುಪದ ಲ್ಯೂಸಿಸಂ ಸ್ಥಿತಿಯಿರಬಹುದು. ಆಲ್ಬಿನೊ ಹಕ್ಕಿಗಳ ದೃಷ್ಟಿ ಮಂದವಾಗಿರುವುದರಿಂದ ಅವು ಬಹುತೇಕ ಎಳವೆಯಲ್ಲೇ ಸಾಯುತ್ತವೆ. ಹಾರಾಡುವ ವಯಸ್ಕ ಕಾಗೆಯ ಮೈಮೇಲೆ ಅಲ್ಲಲ್ಲಿ ಬಿಳಿ ಗರಿ ಕಂಡರೆ ಅದನ್ನು ಅರೆ ಆಲ್ಬಿನೊ ಎನ್ನುವುದು ಸರಿಯಲ್ಲ. ವಯಸ್ಸಿನೊಡನೆ ಗರಿಗಳು ಬಿಳುಪೇರುವುದು, ಪೋಷಕಾಂಶದ ಕೊರತೆ ಮೊದಲಾದ ಕಾರಣಗಳೂ ಅದಕ್ಕಿರುತ್ತವೆ. ಒಂದೇ ಗೂಡಿನಲ್ಲಿ ಎರಡು ಮರಿಗಳಿದ್ದುದು ವಂಶವಾಹಿಯ ಕಾರಣವನ್ನು ಸೂಚಿಸುತ್ತದೆಯಾದರೂ, ಸೆಲ್ಬೋರ್ನ್‌ನ ಮರಿಗಳು ಯಾವ ಬಗೆಯವೆಂಬುದು ಇನ್ನು ತೀರ್ಮಾನವಾಗದು.

ಅದೇ ಪತ್ರದಲ್ಲಿ ಇನ್ನೊಂದು ಪ್ರಸಂಗವಿದೆ. ಬೆಟ್ಟದ ಮೇಲೆ ಬಿಳಿಯ ಲಾರ್ಕ್ ಹಕ್ಕಿಗಳನ್ನು ಕಂಡೆನೆಂದು ಕುರುಬನೊಬ್ಬ ತಿಳಿಸಿದ್ದ. ವೈಟ್ ಆ ಮಾತನ್ನು ತಳ್ಳಿಹಾಕಲೂ ಇಲ್ಲ, ಹಾಗೆಯೇ ಒಪ್ಪಲೂ ಇಲ್ಲ. ಚಳಿಗಾಲದಲ್ಲಿ ಉತ್ತರದಿಂದ ಬರುವ, ಸ್ವಭಾವತಃ ಬಿಳುಪು ಹೆಚ್ಚಿರುವ ಸ್ನೋ ಬಂಟಿಂಗ್ ಹಕ್ಕಿಗಳೇ ಅವು ಎಂದು ನಿರ್ಧರಿಸಿದರು. ಬಣ್ಣಗೆಟ್ಟ ಹಕ್ಕಿಯೆಂದು ಕರೆಯುವ ಮೊದಲು, ಸಹಜವಾಗಿಯೇ ಬಿಳಿಯಾದ ಬೇರೆ ಪ್ರಭೇದವಿರಬಹುದೇ ಎಂದು ನೋಡುವ ಈ ಕ್ರಮ ಇಂದಿಗೂ ಮೊದಲ ಪಾಠವಾಗಿದೆ.

ಭಂಗಿ ಬೀಜ ತಿಂದು ನಾಲ್ಕು ವರ್ಷಗಳಲ್ಲಿ ಕಪ್ಪಾದ ಪಂಜರದ ಬುಲ್‌ಫಿಂಚ್ ಹಕ್ಕಿಯನ್ನೂ ಅವರು ಉಲ್ಲೇಖಿಸಿದ್ದಾರೆ. ಸಾಕುಪ್ರಾಣಿಗಳ ಮಚ್ಚೆ ಬಣ್ಣಗಳಿಗೂ ಆಹಾರವೇ ಕಾರಣವೆಂಬ ಆ ಕಾಲದ ಊಹೆಯನ್ನು ಇದರೊಡನೆ ಸೇರಿಸಿದ್ದಾರೆ. ಆಹಾರ ಹಕ್ಕಿಯ ಬಣ್ಣವನ್ನು ಬದಲಿಸಬಲ್ಲದೆಂಬುದು ನಿಜ. ಸಾಕುಪ್ರಾಣಿಗಳ ಮಚ್ಚೆ ಮಾತ್ರ ಬಹುಪಾಲು ಅನುವಂಶೀಯವೆಂದು ಮುಂದೆ ತಿಳಿದುಬಂತು.

ಪೆನ್ನಂಟ್ ಮತ್ತು ಡೇನ್ಸ್ ಬ್ಯಾರಿಂಗ್ಟನ್ ಅವರಿಗೆ ಬರೆದ ಪತ್ರಗಳೇ ಸೆಲ್ಬೋರ್ನ್‌ನ ನಿಸರ್ಗ ಚರಿತ್ರೆಯಾಗಿ 1789ರಲ್ಲಿ ಗ್ರಂಥರೂಪ ಪಡೆದವು. ಸಹೋದರ ಬೆಂಜಮಿನ್ ಅದರ ಪ್ರಕಾಶಕರು. ಚಾರ್ಲ್ಸ್ ಡಾರ್ವಿನ್ ಬಾಲ್ಯದಲ್ಲಿ ಅದನ್ನೋದಿ ಪಕ್ಷಿವೀಕ್ಷಣೆಗೆ ಒಲಿದರು. 1793ರ ಜೂನ್ 26ರಂದು ತಮ್ಮ ಮನೆಯಲ್ಲೇ ನಿಧನರಾದ ವೈಟ್ ಅವರ ಸಮಾಧಿ ಸೆಲ್ಬೋರ್ನ್ ಚರ್ಚಿನ ಅಂಗಳದಲ್ಲಿದೆ. ಆ ಪುಟ್ಟ ಕಲ್ಲಿನ ಮೇಲಿರುವುದು ಹೆಸರಿನ ಎರಡು ಮೊದಲಕ್ಷರಗಳು ಹಾಗೂ ಮರಣದ ದಿನಾಂಕ ಮಾತ್ರ. ಅವರು ಬಾಳಿದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.